‘ಕೊಬ್ಬು’ ಅಂದರೆ ಮಾಂಸದ್ದೇ ಅಂದುಕೊಳ್ಳುತ್ತಾರೆ: ಸ್ಯಾಚುರೇಟೆಡ್ ಫ್ಯಾಟ್, ಪ್ಲಾಕ್‌ಗೆ ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಒಂದು ಕ್ಲಿನಿಕ್ಕಿಗೆ ಊಟದ ಪಥ್ಯದ ಚೀಟಿ ಬರೆಯುತ್ತಿದ್ದೇನೆ. ಹೃದಯದ ತೊಂದರೆ ಇರುವವರಿಗೆ ಕೊಡುವಂಥದ್ದು. ಎರಡು ಪದ ಕೈಗೆ ಸಿಗುತ್ತಿಲ್ಲ: ತುಪ್ಪ, ಡಾಲ್ಡಾದಂಥವುಗಳಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಫ್ಯಾಟ್, ರಕ್ತನಾಳದ ಗೋಡೆಯೊಳಗೆ ಬೆಳೆಯುವ ಪ್ಲಾಕ್.

ಹಳೆಯ ಚೀಟಿಯಲ್ಲಿ ಮೊದಲನೆಯದಕ್ಕೆ ‘ಪರ್ಯಾಪ್ತ ಕೊಬ್ಬನ್ನು ಮಿತಗೊಳಿಸಿ’ ಎಂದಿತ್ತು. ಸಿರುಗುಪ್ಪ ಕಡೆಯ ಹಿರಿಯರೊಬ್ಬರಿಗೆ ಅದನ್ನು ಓದಿ ಹೇಳಿದೆ. ‘ನಾವು ಕುರಿ ಕೋಳಿ ಮುಟ್ಟೋರಲ್ಲ ತಂಗಿ, ನಮಗೆಲ್ಲಿ ಕೊಬ್ಬು?’ ಅಂದರು. ಕೈಯಲ್ಲಿ ಮಿರ್ಚಿ ಪೊಟ್ಟಣ ಇತ್ತು. ಪೇಪರಿನ ಆಚೆ ಬದಿಯ ಅಕ್ಷರ ಈಚೆ ಕಾಣುವಷ್ಟು ಎಣ್ಣೆ.

ಅವರದ್ದೇನೂ ತಪ್ಪಿಲ್ಲ. ನಮ್ಮ ಮಾತಿನಲ್ಲಿ ಕೊಬ್ಬು ಅಂದರೆ ಮಾಂಸದ್ದು, ಇಲ್ಲಾಂದ್ರೆ ಸೊಕ್ಕು. ತುಪ್ಪ, ಡಾಲ್ಡಾ, ಪಾಮ್ ಎಣ್ಣೆಯನ್ನು ಯಾರೂ ಕೊಬ್ಬು ಅನ್ನಲ್ಲ. ‘ಜಿಡ್ಡು’ ಅಂದರೆ ಅರ್ಥವಾಗುತ್ತೆ, ಆದರೆ ಕುಸುಬಿ ಎಣ್ಣೆಯೂ ಜಿಡ್ಡೇ, ಡಾಲ್ಡಾನೂ ಜಿಡ್ಡೇ. ವ್ಯತ್ಯಾಸ ಹೇಳುವುದೇ ಚೀಟಿಯ ಕೆಲಸ. ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧ ಸ್ಯಾಚುರೇಟೆಡ್, ಸೂರ್ಯಕಾಂತಿಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು. ಮೊದಲನೆಯದು ರಕ್ತದಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರಿಸುತ್ತೆ. ಅದರ ಬದಲು ಎರಡನೆಯದು ಬಳಸಿದರೆ ಎಲ್‌ಡಿಎಲ್ ಇಳಿಯುತ್ತೆ.

ನಮ್ಮಜ್ಜಿ ಗಟ್ಟಿಯಾದ ತುಪ್ಪಕ್ಕೆ ‘ಹೆರೆತುಪ್ಪ’ ಅನ್ನುತ್ತಿದ್ದರು. ವಚನಗಳಲ್ಲೂ ‘ಹೆರೆದುಪ್ಪ’ ಇದೆ. ಹಾಗಾದರೆ ಸ್ಯಾಚುರೇಟೆಡ್ ಫ್ಯಾಟಿಗೆ ‘ಹೆರೆಯುವ ಜಿಡ್ಡು’, ಅಂದರೆ ಗಟ್ಟಿಯಾಗುವ ಜಿಡ್ಡು, ಅನ್ನಬಹುದಾ? ಚಳಿಗೆ ಬಾಟ್ಲಿಯಲ್ಲಿ ಗಟ್ಟಿಯಾಗುವ ಕೊಬ್ಬರಿ ಎಣ್ಣೆಯೂ ಇದರಲ್ಲಿ ಬರುತ್ತೆ. ತೊಂದರೆ ಎರಡು. ಈಗಿನವರಿಗೆ ಹೆರೆಯುವುದು ಅಂದರೆ ತುರಿಯುವುದು. ಇನ್ನೊಂದು, ಬಳ್ಳಾರಿ ಬಿಸಿಲಿಗೆ ಪಾಮೊಲಿನ್ (ಅಂಗಡಿಯ ತೆಳು ಪಾಮ್ ಎಣ್ಣೆ) ನೀರಿನಂತೆಯೇ ಇರುತ್ತೆ, ಹೆರೆಯೋದೇ ಇಲ್ಲ!

ಎರಡನೆಯ ಪದ ಪ್ಲಾಕ್. ಇದೇ ನನಗೆ ಜಾಸ್ತಿ ಚಿಂತೆ. ಪಠ್ಯದ ‘ಅಪಧಮನಿ’ (ಹೃದಯದಿಂದ ರಕ್ತ ಒಯ್ಯುವ ನಾಳ) ಇಲ್ಲಿ ಯಾರ ಬಾಯಲ್ಲೂ ಇಲ್ಲ. ‘ನರದಾಗ ಜಿಡ್ಡು ಹಿಡಿದೈತಿ’, ‘ಬ್ಲಾಕ್ ಆಗೈತಿ’ ಅನ್ನುತ್ತಾರೆ. ಕೇಳಿದವರ ಕಣ್ಣಿಗೆ ಬರುವುದು ಪಾಚಿ ಕಟ್ಟಿದ ಪೈಪು. ಹಾಗಾಗಿ ‘ಬಿಸಿನೀರು ಕುಡಿದರೆ ಕರಗುತ್ತೆ ಅಲ್ವಾ?’ ಎಂದು ಕೇಳುತ್ತಾರೆ. ಕರಗಲ್ಲ. ಅದು ಕೊಳವೆಯ ಮೇಲೆ ಮೆತ್ತಿಕೊಂಡದ್ದಲ್ಲ, ಗೋಡೆಯ ಒಳಗೆ ಬೆಳೆದದ್ದು. ಎಲ್‌ಡಿಎಲ್ ಒಳಪದರಕ್ಕೆ ನುಗ್ಗುತ್ತೆ. ಬಿಳಿ ರಕ್ತಕಣಗಳು ಅದನ್ನು ನುಂಗಿ ನುಂಗಿ ನೊರೆಯಂತೆ ಉಬ್ಬುತ್ತವೆ, ಸಾಯುತ್ತವೆ. ಮೇಲೊಂದು ಪೊರೆ ಕಟ್ಟುತ್ತೆ. ಆ ಪೊರೆ ಹರಿದರೆ ರಕ್ತ ಅಲ್ಲೇ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್.

1904ರಲ್ಲಿ ಜರ್ಮನಿಯ ವೈದ್ಯ ಫೆಲಿಕ್ಸ್ ಮಾರ್ಶಾಂಡ್ ಈ ಕಾಯಿಲೆಗೆ ‘ಅಥೆರೊಸ್ಕ್ಲೆರೋಸಿಸ್’ ಎಂದು ಹೆಸರಿಟ್ಟರು. ಗ್ರೀಕಿನ ‘ಅಥೆರೆ’ ಅಂದರೆ ಗಂಜಿ, ನಮ್ಮ ಅಂಬಲಿ! ಆರಿದ ಅಂಬಲಿಯ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತಲ್ಲ, ಕೆಳಗೆ ಮೆತ್ತಗೆ, ಹಾಗೇ ಇರುತ್ತೆ ಇದು. ‘ಅಂಬಲಿಗಂಟು’ ಎಂದು ಬರೆದು ನೋಡಿದೆ, ಆಮೇಲೆ ಹೊಡೆದುಹಾಕಿದೆ. ಓದಿದವರು ಜೋಳದ ಅಂಬಲಿ ಕುಡಿಯೋದನ್ನೇ ಬಿಟ್ಟಾರು.

ಈಗ ‘ರಕ್ತನಾಳದ ಗೋಡೆಯೊಳಗಿನ ಕುರು’ ಎಂದು ಬರೆದಿದ್ದೇನೆ. ಕುರು ಚರ್ಮದೊಳಗೇ ಬೆಳೆಯುತ್ತೆ, ಒಡೆದರೆ ಕಷ್ಟ ಎಂಬುದು ಎಲ್ಲರಿಗೂ ಗೊತ್ತು. ಕೀವು ಅಂತ ತಿಳಿದು ಮುಲಾಮು ಕೇಳಿದರೆ ಎಂಬ ಭಯವೂ ಇದೆ. ‘ಗಂಟು’ ವಾಸಿನಾ?

ರಾಯಚೂರು, ಕೊಪ್ಪಳದವರು ದಯವಿಟ್ಟು ಹೇಳಿ: ತುಪ್ಪ ಗಟ್ಟಿಯಾದರೆ ನಿಮ್ಮ ಮನೆಯಲ್ಲಿ ಏನಂತಾರೆ? ಚೀಟಿ ಮುಂದಿನ ವಾರ ಅಚ್ಚಿಗೆ ಹೋಗುತ್ತೆ.