ಪಿನಿಯನ್ ಸೀಲ್ ಹಾಕಿಸಿ 850 ಕಿ.ಮೀ.ಗೆ ಹೌಸಿಂಗ್ ಜಾಮ್: ಗಾಡಿ ಹಳೇದಾಗಿದ್ದಕ್ಕೋ, ಕೆಲಸ ಕೆಟ್ಟಿದ್ದಕ್ಕೋ?

ಮಂಡಗದ್ದೆ ಕಡೆಯವ:
2013ರ ಡೀಸೆಲ್ ಯುಟಿಲಿಟಿ ಗಾಡಿ, ಹಿಂದಿನ ಚಕ್ರಕ್ಕೆ ಡ್ರೈವ್, 1.46 ಲಕ್ಷ ಕಿ.ಮೀ. ಓಡಿದೆ. ಹಿಂದಿನ ಹೌಸಿಂಗ್‌ನ (ಹಿಂದಿನ ಆಕ್ಸಲ್ ನಡುವೆ ಗೇರ್ ಇರುವ ಗುಂಡು ಪೆಟ್ಟಿಗೆ) ಮೂತಿಯಲ್ಲಿ ಎಣ್ಣೆ ಜಿನುಗುತ್ತಿತ್ತು ಅಂತ ಶಿವಮೊಗ್ಗದಲ್ಲಿ ಪಿನಿಯನ್ (ಅದರೊಳಗಿನ ಚಿಕ್ಕ ಹಲ್ಲುಚಕ್ರದ ಶಾಫ್ಟ್) ಆಯಿಲ್ ಸೀಲ್ ಬದಲಾಯಿಸಲಾಯಿತು. ಅದಕ್ಕೂ ಮುಂಚೆ ಶಬ್ದ ಇರಲಿಲ್ಲ. ನಟ್ ಬಿಚ್ಚಿದ್ದೂ ಬಿಗಿದಿದ್ದೂ ಏರ್ ಗನ್‌ನಲ್ಲೇ. 300 ಕಿ.ಮೀ. ಆಗುವಷ್ಟರಲ್ಲಿ 40–60 ವೇಗದಲ್ಲಿ "ಗುಂಯ್" ಅನ್ನುವ ಸದ್ದು ಶುರುವಾಯಿತು. 850ಕ್ಕೆ ಹಿಂದಿನ ಚಕ್ರ ಜಾಮ್. ಬಿಚ್ಚಿ ನೋಡಿದರೆ ಪಿನಿಯನ್ನಿನ ಮುಂದಿನ ಬೇರಿಂಗ್ ಪುಡಿ, ಪಿನಿಯನ್ನಿನಲ್ಲಿ ಮೂರು ಹಲ್ಲು ಇಲ್ಲ. ಮೆಕ್ಯಾನಿಕ್ ಹೇಳೋದು: "ಹಳೆ ಗಾಡಿ, ಬೇರಿಂಗ್‌ಗೆ ಆಯಸ್ಸು ಮುಗಿದಿತ್ತು, ಸೀಲಿಗೂ ಇದಕ್ಕೂ ಸಂಬಂಧ ಇಲ್ಲ." ಇದು ನಿಜವೋ ಅಲ್ಲವೋ ಅಂತ ಪಾರ್ಟ್ ನೋಡಿ ಹೇಳೋಕೆ ಆಗುತ್ತಾ?

ಕ್ರೌನ್_ಪಿನಿಯನ್:
ಆಗುತ್ತೆ. ಮೊದಲು ಒಂದು ಮಾತು: ಹಳೆ ಪಾರ್ಟ್ ಒಂದನ್ನೂ ಗ್ಯಾರೇಜಿನಲ್ಲಿ ಬಿಡಬೇಡಿ, ಪೆಟ್ರೋಲಲ್ಲಿ ತೊಳೆಯಲೂ ಬೇಡಿ. ನಟ್, ವಾಷರ್, ಫ್ಲೇಂಜ್ (ಪ್ರೊಪೆಲ್ಲರ್ ಶಾಫ್ಟ್ ಕೂಡುವ ತಟ್ಟೆ), ಎರಡೂ ಬೇರಿಂಗ್‌ನ ಚೂರು, ಮಧ್ಯದ ಸ್ಲೀವ್, ಎಲ್ಲವನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿಡಿ. ಇಳಿಸಿದ ಎಣ್ಣೆಯನ್ನೂ ಒಂದು ಬಾಟಲಿಯಲ್ಲಿ ಇಟ್ಟುಕೊಳ್ಳಿ.

ಈ ಸೀಲ್ ನೋಡೋಕೆ ನೂರಿನ್ನೂರು ರೂಪಾಯಿ ಮಾಲು. ಆದರೆ ಅದನ್ನು ತೆಗೆಯಬೇಕಾದರೆ ಪಿನಿಯನ್ ನಟ್ ಬಿಚ್ಚಲೇಬೇಕು, ಎಡವಟ್ಟು ಆಗೋದು ಅಲ್ಲೇ. ಬಹಳಷ್ಟು ಹೌಸಿಂಗ್‌ಗಳಲ್ಲಿ ಎರಡು ಬೇರಿಂಗ್ ನಡುವೆ ಕುಗ್ಗುವ ಸ್ಲೀವ್ ಇರುತ್ತೆ. ನಟ್ ಬಿಗಿದಷ್ಟೂ ಅದು ಕುಗ್ಗುತ್ತೆ, ಬೇರಿಂಗ್ ಮೇಲೆ ಒತ್ತಡ ಏರುತ್ತೆ. ಒಮ್ಮೆ ಕುಗ್ಗಿದ್ದು ಮತ್ತೆ ಉದ್ದ ಆಗಲ್ಲ. ಥ್ರೆಡ್ ಪಿಚ್ 1.5 ಮಿ.ಮೀ. ಅಂತಿಟ್ಟುಕೊಳ್ಳಿ, ನಟ್ 10 ಡಿಗ್ರಿ ಹೆಚ್ಚು ತಿರುಗಿದರೆ 0.04 ಮಿ.ಮೀ. ಒಳಗೆ ಹೋಯಿತು. ಕಣ್ಣಿಗೆ ಏನೂ ಅಲ್ಲ, ಟೇಪರ್ ಬೇರಿಂಗ್‌ಗೆ ಅದೇ ಜಾಸ್ತಿ. ಏರ್ ಗನ್ ಟ್ರಿಗರ್ ಒತ್ತಿ ಹಿಡಿದವನಿಗೆ 10 ಡಿಗ್ರಿ ಎಲ್ಲಿ ಗೊತ್ತಾಗುತ್ತೆ?

ಸರಿಯಾದ ಕ್ರಮ ಹೀಗೆ: ಎರಡೂ ಚಕ್ರ ಎತ್ತಿ, ಡ್ರಮ್ ತೆಗೆದು, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಫ್ಲೇಂಜಿಗೆ ಹುರಿ ಸುತ್ತಿ ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ಎಷ್ಟು ಕೆ.ಜಿ.ಗೆ ತಿರುಗುತ್ತೆ ಅಂತ ಬರೆದುಕೊಳ್ಳಬೇಕು. ನಟ್, ಪಿನಿಯನ್ ತುದಿ, ಫ್ಲೇಂಜ್ ಮೂರಕ್ಕೂ ಸೇರಿ ಪಂಚ್‌ನಲ್ಲಿ ಗುರುತು ಹಾಕಬೇಕು. ಸೀಲ್ ಕೂರಿಸಿ, ಕೈ ಪಾನದಲ್ಲಿ ಅದೇ ಗುರುತಿಗೆ ತಂದು, ಮತ್ತೆ ತಕ್ಕಡಿ ಹಿಡಿದು ನೋಡಬೇಕು. ಮೊದಲಿನ ಅಂಕಿಗಿಂತ ಒಂದು ಚೂರು ಹೆಚ್ಚು ಇದ್ದರೆ ಸಾಕು.

ಇನ್ನು ನಿಮ್ಮ ಕೆಲಸ. ನಟ್ ಹಳೇದೇ ಹಾಕಿದ್ದಾರಾ ನೋಡಿ. ಆ ನಟ್ಟಿನ ಕಾಲರನ್ನು ಪಿನಿಯನ್ನಿನ ತೋಡಿನೊಳಕ್ಕೆ ಉಳಿಯಿಂದ ಬಡಿದು ಲಾಕ್ ಮಾಡಿರುತ್ತಾರೆ. ಹಳೇದನ್ನೇ ಬಳಸಿದ್ದರೆ ಕಂಪನಿಯ ಹಳೆ ತಗ್ಗು ಒಂದು, ಈಗ ಬಡಿದದ್ದು ಇನ್ನೊಂದು, ಎರಡು ಕಾಣುತ್ತೆ. ಎರಡರ ನಡುವಿನ ದೂರ ಅಳೆಯಿರಿ, ನಟ್ ಮೊದಲಿಗಿಂತ ಎಷ್ಟು ಹೆಚ್ಚು ತಿರುಗಿದೆ ಅಂತ ಅದೇ ಹೇಳುತ್ತೆ.

ಹೊಸನಗರ_4x4:
ಒಂದು ಕಡೆಯದೇ ಕೇಳಿ ತೀರ್ಪು ಬೇಡ ಮಾರಾಯ್ರೆ. ಎಲ್ಲ ಹೌಸಿಂಗ್‌ನಲ್ಲೂ ಕುಗ್ಗುವ ಸ್ಲೀವ್ ಇರಲ್ಲ. ಕೆಲವದರಲ್ಲಿ ಗಟ್ಟಿ ಸ್ಪೇಸರ್, ಜೊತೆಗೆ ಶಿಮ್ (ತೆಳು ಬಿಲ್ಲೆ). ಅಂಥದ್ದಾದರೆ ಏರ್ ಗನ್‌ನಲ್ಲಿ ಬಿಗಿದರೂ ಒತ್ತಡ ಅಷ್ಟೇನೂ ಏರಲ್ಲ. ಮೊದಲು ಸ್ಲೀವ್ ಕೈಗೆ ತಗೊಳ್ಳಿ: ನಡು ಉಬ್ಬಿ ತೆಳು ತಗಡಿನ ಹಾಗಿದ್ದರೆ ಕುಗ್ಗುವಂಥದ್ದು, ನೇರ, ದಪ್ಪ ಪೈಪಿನ ತುಂಡಿನ ಹಾಗಿದ್ದರೆ ಅಲ್ಲ.

ಎರಡನೇದು, ಸೀಲ್ ಸೋರಿದ್ದು ಯಾಕೆ? ನಮ್ಮ ಕಡೆ ಅರ್ಧಕ್ಕರ್ಧ ಗಾಡಿಯಲ್ಲಿ ಬ್ರೀದರ್ (ಹೌಸಿಂಗ್‌ನ ಗಾಳಿ ಕಿಂಡಿ) ಕೆಮ್ಮಣ್ಣು ತುಂಬಿ ಮುಚ್ಚಿರುತ್ತೆ. ಘಾಟಿಯಲ್ಲಿ ಹೌಸಿಂಗ್ ಕಾದರೆ ಒಳಗಿನ ಗಾಳಿಗೆ ದಾರಿ ಇಲ್ಲ, ಸೀಲಿನ ತುಟಿಯಿಂದ ಎಣ್ಣೆ ತಳ್ಳುತ್ತೆ. ಬಿಸಿ ಹೌಸಿಂಗನ್ನು ಹಳ್ಳಕ್ಕೆ ಇಳಿಸಿದರೆ ಉಲ್ಟಾ, ನೀರನ್ನು ಒಳಗೆ ಎಳೆದುಕೊಳ್ಳುತ್ತೆ. ಬ್ರೀದರ್ ನೋಡದೆ ಹೊಸ ಸೀಲ್ ಹಾಕಿದರೆ ಅದೂ ಸೋರುತ್ತೆ, ಎಣ್ಣೆ ಕಡಿಮೆ ಆಗುತ್ತೆ. ಎಣ್ಣೆ ಕಡಿಮೆ ಆದಾಗ ಮೊದಲು ಸಾಯೋದು ಮುಂದಿನ ಬೇರಿಂಗೇ. ಅದಕ್ಕೆ ಎಣ್ಣೆ ಸಿಗೋದು ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಹಲ್ಲುಚಕ್ರ) ಎರಚಿದ್ದರಿಂದ. ಸೋಮೇಶ್ವರದಿಂದ ಆಗುಂಬೆಗೆ ಆ 14 ತಿರುವು ಹತ್ತುವಾಗ ಗಾಡಿ ಜೊತೆ ಹೌಸಿಂಗ್ ಮೂತಿಯೂ ಮೇಲಕ್ಕೆ ಎದ್ದಿರುತ್ತೆ, ಇರೋ ಎಣ್ಣೆ ಹಿಂದಕ್ಕೆ ಹೋಗಿ ನಿಲ್ಲುತ್ತೆ.

ಮೂರನೇದು, ಸೀಲ್ ಸೋರುವ ಮುಂಚೆಯೇ ಪಿನಿಯನ್ ಪ್ಲೇ (ಅಲ್ಲಾಟ) ಇತ್ತಾ? ಶಾಫ್ಟ್ ಅಲ್ಲಾಡಿದರೆ ಸೀಲಿನ ತುಟಿ ತಿನ್ನುತ್ತೆ. ಹಾಗಿದ್ದರೆ ಬೇರಿಂಗ್ ಮೊದಲೇ ಹೋಗಿತ್ತು ಅನ್ನೋ ಮಾತಿಗೆ ಅರ್ಥ ಇದೆ.

ಬಿಚ್ಚಿದಾಗ ಎಷ್ಟು ಎಣ್ಣೆ ಬಂತು, ಬಣ್ಣ ಏನು? ಹಿಂದಿನ ಬೇರಿಂಗ್ ಹೇಗಿದೆ?

ಮಂಡಗದ್ದೆ ಕಡೆಯವ:
ಎಲ್ಲ ನೋಡಿ ಬರೀತಿದೀನಿ.
ಎಣ್ಣೆ 1.2 ಲೀಟರ್ ಬಂತು, ಮ್ಯಾನ್ಯುಯಲ್ ಪ್ರಕಾರ 1.4. ಕಪ್ಪು, ಬೆಳ್ಳಿ ಪುಡಿ ಹೊಳೀತಿದೆ. ಹಾಲು ಹಾಕಿದ ಕಾಫಿ ಬಣ್ಣ ಇಲ್ಲ, ಅಂದರೆ ನೀರು ಸೇರಿಲ್ಲ.
ಬ್ರೀದರ್ ಬಿಚ್ಚಿ ಊದಿದೆ, ಗಾಳಿ ಹೋಗುತ್ತೆ. ಹೊಸ ಸೀಲಿನ ಹೊರಗೆ ಒಣ ಧೂಳು, ಜಿಡ್ಡಿಲ್ಲ.
ಸ್ಲೀವ್ ನಡುವಲ್ಲಿ ಉಬ್ಬಿದೆ.
ಹಿಂದಿನ ಬೇರಿಂಗ್ ಒಡೆದಿಲ್ಲ, ಆದರೆ ರೋಲರ್‌ಗಳೆಲ್ಲ ಕಂದು-ನೀಲಿ. ಉಳಿದ ಹಲ್ಲುಗಳ ಮೈ ನುಣ್ಣಗೇ ಇದೆ, ಉಜ್ಜಿದ ಗೀರಿಲ್ಲ.
ನಟ್ ಹಳೇದೇ. ಕಾಲರ್ ವ್ಯಾಸ 36 ಮಿ.ಮೀ., ಹಳೆ ತಗ್ಗಿಗೂ ಹೊಸ ತಗ್ಗಿಗೂ ನಡುವೆ 11 ಮಿ.ಮೀ., ಬಿಗಿಯುವ ದಿಕ್ಕಿಗೆ. ಪಿಚ್ ಗೇಜ್ 1.5 ಹೇಳ್ತು.

ಕ್ರೌನ್_ಪಿನಿಯನ್:
36ರ ಸುತ್ತಳತೆ 113. ಅದರಲ್ಲಿ 11 ಅಂದರೆ 35 ಡಿಗ್ರಿ. ಪಿಚ್ 1.5ಕ್ಕೆ 0.15 ಮಿ.ಮೀ. ಹತ್ತಿರ ಒಳಗೆ ಹೋಗಿದೆ. ಹಳೆ ಬೇರಿಂಗಿನ ಸವೆತ ತುಂಬೋಕೆ ಅಂತ ಬಿಗಿದೆ ಅಂದರೂ ಇಷ್ಟು ಬೇಕಿಲ್ಲ, ಹಾಗೆ ಬಿಗಿಯುವವರು ತಕ್ಕಡಿ ಹಿಡಿದಿರಬೇಕಿತ್ತು.

ಉಳಿದ ಲಕ್ಷಣವೂ ಅದಕ್ಕೇ ಕೂಡುತ್ತೆ. ಎಣ್ಣೆ ಕಡಿಮೆಯಿಂದ ಹೋಗಿದ್ದರೆ ಕ್ರೌನ್-ಪಿನಿಯನ್ ಹಲ್ಲಿನ ಮೈ ಗೀರಿ, ಸುಟ್ಟ ಹಾಗಿರುತ್ತಿತ್ತು. ಎಣ್ಣೆಯಲ್ಲೇ ಇರುವ ಹಿಂದಿನ ಬೇರಿಂಗ್ ತಕ್ಕಮಟ್ಟಿಗೆ ಉಳಿಯುತ್ತಿತ್ತು. ನೀರಿನಿಂದಾಗಿದ್ದರೆ ರೇಸಿನ (ರೋಲರ್ ಓಡುವ ಬಳೆ) ಮೇಲೆ ರೋಲರ್ ಅಂತರಕ್ಕೆ ಸರಿಯಾಗಿ ತುಕ್ಕಿನ ಗೆರೆ ಬೀಳುತ್ತಿತ್ತು. ನಟ್ ಲೂಸ್ ಆಗಿದ್ದರೆ ಆಕ್ಸಿಲರೇಟರ್ ಬಿಟ್ಟು ಒತ್ತಿದಾಗೆಲ್ಲ "ಟಕ್" ಅನ್ನಬೇಕಿತ್ತು, ನಿಮ್ಮದು ಒಂದೇ ಸಮ "ಗುಂಯ್". ಮುಂದಿನ ಬೇರಿಂಗ್ ಪುಡಿಯಾಗಿ, ಹಿಂದಿನದೂ ನೀಲಿಯಾಗಿ, ಹಲ್ಲಿನ ಮೈ ನುಣ್ಣಗೆ ಉಳಿದಿದೆ ಅಂದರೆ ಅತಿಯಾಗಿ ಬಿಗಿದದ್ದು. ಹಲ್ಲು ಮುರಿದದ್ದು ಆಮೇಲಿನ ಕತೆ, ಬೇರಿಂಗ್ ಕೇಜಿನ (ರೋಲರ್ ಹಿಡಿದಿಡುವ ಚೌಕಟ್ಟು) ಚೂರು ಹಲ್ಲಿನ ನಡುವೆ ಸಿಕ್ಕಿದೆ.

ಹೊಸನಗರ_4x4:
ಒಪ್ಪಿದೆ. 200 ಮಿ.ಲೀ. ಕಮ್ಮಿ ಇದ್ದಿದ್ದರಿಂದ ಇಷ್ಟು ಆಗಲ್ಲ. ಒಂದೇ ಎಚ್ಚರಿಕೆ: ಸ್ಲೀವಿನ ಉದ್ದ ಅಳೆದು ಅದನ್ನೇ ಸಾಕ್ಷಿ ಅನ್ನಬೇಡಿ. ಬೇರಿಂಗಿನ ಎತ್ತರ ಒಂದರಿಂದೊಂದಕ್ಕೆ ಬದಲಾಗುತ್ತೆ, ವಾದ ಅಲ್ಲೇ ಮುರಿಯುತ್ತೆ. ನಟ್ಟಿನ ಎರಡು ತಗ್ಗು ಗಟ್ಟಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೀರಿ. 300 ಕಿ.ಮೀ.ಗೇ ಸದ್ದು ಬಂದಿತ್ತಲ್ಲ, ಆಮೇಲೂ 550 ಯಾಕೆ ಓಡಿಸಿದಿರಿ ಅಂತ ಅವರು ಕೇಳೇ ಕೇಳ್ತಾರೆ. ಅದಕ್ಕೂ ಉತ್ತರ ಇಟ್ಟುಕೊಳ್ಳಿ.

ಸಾಗರ_ಸೀಮೆ:
ಹಣದ ವಿಷಯ. ಮಾಮೂಲಿ ಇನ್ಶೂರೆನ್ಸ್‌ನಲ್ಲಿ ಯಾಂತ್ರಿಕ ಕೆಡುಕು ಬರಲ್ಲ, ಆ ಕಡೆ ಓಡಾಡಬೇಡಿ. ಲೈಸೆನ್ಸ್ ಇರುವ ವಾಹನ ಸರ್ವೇಯರ್ (ಗಾಡಿಯ ನಷ್ಟ ಪರಿಶೀಲಿಸುವವರು) ಒಬ್ಬರಿಗೆ ಫೀ ಕೊಟ್ಟು, ಹೊಸ ಪಾರ್ಟ್ ಕೂರಿಸುವ ಮುಂಚೆಯೇ ಬರಹದಲ್ಲಿ ವರದಿ ತಗೊಳ್ಳಿ. ಬಿಲ್ಲಿನಲ್ಲಿ "ಪಿನಿಯನ್ ಸೀಲ್" ಅಂತ ಸ್ಪಷ್ಟವಾಗಿ ಇದೆಯಾ ನೋಡಿ. ಬರೀ "ಲೇಬರ್" ಅಂತ ಇದ್ದರೆ ಹಣ ಕೊಟ್ಟ ಯುಪಿಐ ದಾಖಲೆ, ವಾಟ್ಸಾಪ್ ಮಾತು ತೆಗೆದಿಡಿ. ಮೊದಲು ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್. ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ 2 ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ.

ಕ್ರೌನ್_ಪಿನಿಯನ್:
ವರದಿ ಕೈಗೆ ಬಂದ ಮೇಲೆ ಕಟ್ಟುವಾಗ: ಕ್ರೌನ್ ಮತ್ತು ಪಿನಿಯನ್ ಜೋಡಿಯಾಗೇ ತಗೊಳ್ಳಿ, ಪಿನಿಯನ್ ಒಂದನ್ನೇ ಹಾಕಿದರೆ ಸದ್ದು ಹೋಗಲ್ಲ. ಎರಡೂ ಪಿನಿಯನ್ ಬೇರಿಂಗ್, ಹೊಸ ಸ್ಲೀವ್, ಹೊಸ ನಟ್, ಸೀಲ್. ಲೋಹದ ಪುಡಿ ಎಲ್ಲ ಕಡೆ ಹರಡಿದೆ, ಹಾಗಾಗಿ ಆಕ್ಸಲ್ ಟ್ಯೂಬಿನ ಒಳಗೆಲ್ಲ ಡೀಸೆಲ್ ಹಾಕಿ ಬಟ್ಟೆ ಎಳೆದು ಒರೆಸಿ, ಕ್ರೌನಿನ ಎರಡೂ ಬದಿಯ ಸೈಡ್ ಬೇರಿಂಗೂ ನೋಡಿಸಿ. ಹೊಸ ಬೇರಿಂಗ್‌ಗೆ ತಿರುಗುವ ಬಲ ಸಾಮಾನ್ಯವಾಗಿ 2ರಿಂದ 3 ನ್ಯೂಟನ್ ಮೀಟರ್ ಆಸುಪಾಸು. ಹುರಿ ಸುತ್ತುವ ಜಾಗದ ತ್ರಿಜ್ಯ 5 ಸೆಂ.ಮೀ. ಇದ್ದರೆ ತಕ್ಕಡಿಯಲ್ಲಿ 4ರಿಂದ 6 ಕೆ.ಜಿ. ನಿಮ್ಮ ಮ್ಯಾನ್ಯುಯಲ್ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಎಣ್ಣೆ ಜಿಎಲ್-5 ದರ್ಜೆಯ ಗೇರ್ ಆಯಿಲ್, ಲೆವೆಲ್ ತೂತಿನಿಂದ ಹೊರಗೆ ಜಿನುಗುವ ತನಕ, ಗಾಡಿ ಸಮ ನೆಲದಲ್ಲಿ ನಿಂತಿರಬೇಕು. ಗಾಜನೂರಿನವರೆಗೆ ಹೋಗಿ ಬಂದು ಹೌಸಿಂಗ್ ಮೂತಿಗೆ ಬೆರಳಿಟ್ಟು ನೋಡಿ. ಇಡೋಕೇ ಆಗದಷ್ಟು ಕಾದಿದ್ದರೆ ಅಲ್ಲೇ ನಿಲ್ಲಿಸಿ, ಮತ್ತೆ ಬಿಚ್ಚಿಸಿ.