ಅಪ್‌ಡೇಟ್: ಚೆನ್ನೈ ಬಂದರಿನಲ್ಲಿ ಸಿಲುಕಿದ್ದ ಅಕ್ಕಿ ಗಿರಣಿಯ ಯಂತ್ರ ದಾವಣಗೆರೆಗೆ ಬಂದಿತು

ನಮ್ಮ ಗಿರಣಿಗೆ ಚೀನಾದಿಂದ ತರಿಸಿದ ಕಲರ್ ಸಾರ್ಟರ್‌ನ (ಬಣ್ಣ ನೋಡಿ ಅಕ್ಕಿಕಾಳುಗಳನ್ನು ಬೇರ್ಪಡಿಸುವ ಯಂತ್ರ) ಬೆಲೆಯನ್ನು ಕಡಿಮೆ ತೋರಿಸಲಾಗಿದೆ ಎಂಬ ಸಂಶಯದಿಂದ ಕಸ್ಟಮ್ಸ್ ಅಧಿಕಾರಿಗಳು ಅದನ್ನು ತಡೆದಿದ್ದರು, ಏನು ಮಾಡಬೇಕೆಂದು ಇಲ್ಲಿ ಕೇಳಿದ್ದೆ. ಸಲಹೆ ನೀಡಿದ ಎಲ್ಲರಿಗೂ ಧನ್ಯವಾದಗಳು.

ಫಲಿಸಿದ್ದು, ಕಸ್ಟಮ್ಸ್ ಕಾಯ್ದೆ 1962ರ 18ನೇ ಕಲಮಿನಡಿ ತಾತ್ಕಾಲಿಕ ಸುಂಕ ನಿರ್ಧಾರಣೆ (ಅಂತಿಮ ಲೆಕ್ಕ ಆಗುವವರೆಗೆ ಭದ್ರತೆ ಪಡೆದು ಸರಕನ್ನು ಬಿಡುವ ಕ್ರಮ) ಕೋರಿರೆಂಬ ಸಲಹೆ. ಬೆಂಗಳೂರಿನ ವಕೀಲರೊಬ್ಬರು ಖರೀದಿ ಒಪ್ಪಂದ, ಬ್ಯಾಂಕ್ ಮೂಲಕ ಹಣ ಪಾವತಿಸಿದ ದಾಖಲೆ ಮತ್ತು ತಯಾರಕರೊಂದಿಗಿನ ಪತ್ರವ್ಯವಹಾರವನ್ನು ಲಗತ್ತಿಸಿ, ಸಂಶಯಕ್ಕೆ ಕಾರಣವನ್ನು ಲಿಖಿತವಾಗಿ ತಿಳಿಸುವಂತೆಯೂ ಕೋರಿದರು. ಬಾಂಡ್ ಹಾಗೂ ಬ್ಯಾಂಕ್ ಗ್ಯಾರಂಟಿ ಕೊಟ್ಟ ಮೇಲೆ ಯಂತ್ರ ಬಿಡುಗಡೆಯಾಯಿತು. ಕಂಟೇನರ್ ಬಾಡಿಗೆ ಮನ್ನಾ ಮಾಡುವಂತೆ ಹಡಗು ಕಂಪನಿಗೆ ಬರೆಯಿರಿ ಎಂಬ ಸಲಹೆಯಿಂದ ಒಂದು ರೂಪಾಯಿಯೂ ಉಳಿಯಲಿಲ್ಲ.

ನನಗೆ ಅಚ್ಚರಿ ತಂದ ಸಂಗತಿ ಬೇರೆ. ಬೇಗ ಬಿಡುಗಡೆಯಾಗಲಿ ಎಂದು ಅಧಿಕಾರಿಗಳು ಹೆಚ್ಚಿಸಿದ ಬೆಲೆಯನ್ನು ಲಿಖಿತವಾಗಿ ಒಪ್ಪಿಕೊಳ್ಳಿರೆಂದು ನಮ್ಮ ಕಸ್ಟಮ್ಸ್ ಬ್ರೋಕರ್ ಸೂಚಿಸಿದ್ದರು. ಆದರೆ ಮರುನಿರ್ಧಾರಣೆಗೆ (ಅಧಿಕಾರಿ ಸುಂಕವನ್ನು ಮತ್ತೆ ಲೆಕ್ಕಹಾಕುವುದಕ್ಕೆ) ಆಮದುದಾರರು ಹಾಗೆ ಒಪ್ಪಿಗೆ ಕೊಟ್ಟರೆ, 17(5)ನೇ ಕಲಮಿನಂತೆ 15 ದಿನಗಳೊಳಗೆ ಕಾರಣಸಹಿತ ಆದೇಶ ಹೊರಡಿಸಬೇಕಾದ ಹೊಣೆ ಅಧಿಕಾರಿಗೆ ಇರುವುದಿಲ್ಲ, ಮುಂದೆ ಮೇಲ್ಮನವಿಯೂ ದುರ್ಬಲವಾಗುತ್ತದೆ. ಅವಸರದಲ್ಲಿರುವವರು ಸಹಿ ಹಾಕುವ ಮುನ್ನ ಇದೊಂದನ್ನಾದರೂ ವಕೀಲರಲ್ಲಿ ವಿಚಾರಿಸಿಕೊಳ್ಳಬೇಕು. ಬ್ರೋಕರ್‌ ಕೆಲಸ ಸರಕನ್ನು ಸಾಗಿಸುವುದು, ವಾದ ಮಂಡಿಸುವುದಲ್ಲ ಎಂಬುದು ನನ್ನ ಅಭಿಪ್ರಾಯ.

ಅಂತಿಮ ನಿರ್ಧಾರಣೆ ಇನ್ನೂ ಬಾಕಿಯಿದೆ. ಅದು ನಮ್ಮ ವಿರುದ್ಧ ಬಂದಲ್ಲಿ ವಿವಾದಿತ ಸುಂಕದ ಶೇ 7.5ರಷ್ಟನ್ನು ಠೇವಣಿಯಿಟ್ಟು, 60 ದಿನಗಳೊಳಗೆ ಆಯುಕ್ತರಿಗೆ (ಮೇಲ್ಮನವಿ) ಅರ್ಜಿ ಸಲ್ಲಿಸಲಿದ್ದೇವೆ.