ಸಮಸ್ಯೆ: ‘ಸೊನ್ನೆಗಳು ಕೀಲಿ ತೆರೆದಾವ’

ಧಾರವಾಡ: ಈ ಸಲ ತ್ರಿಪದಿಯ ಮೂರನೇ ಸಾಲು ಕೊಟ್ಟೀನಿ. ಮಾತ್ರೆ ಐದು, ಮೂರು, ಐದು. ಆದಿಪ್ರಾಸ ‘ನ್ನ’. ವಿಷಯ, ಇಸಿಡಿಎಸ್ಎ ಸಹಿಯಿಂದ (ಗುಟ್ಟಿನ ಅಂಕಿಯೊಂದರಿಂದ ಹಾಕೋ ಗಣಕದ ಸಹಿ) ಗುಟ್ಟಿನ ಕೀಲಿಕೈ ಸೋರೂದು. ಪದ್ಯದ ಜೋಡಿ ಲೆಕ್ಕಾನೂ ಬರೀರಿ.

ಹುಬ್ಬಳ್ಳಿ:
ಕನ್ನವನು ಕೊರೆಯದಲೆ ಬಾಗಿಲನು ಮುರಿಯದಲೆ
ಮುನ್ನಿದ್ದ ನಾಕು ಮತ್ತೈದು ಗುಂಡನೆಯ
ಸೊನ್ನೆಗಳು ಕೀಲಿ ತೆರೆದಾವ

ಇದು ದೂರದ ಗಣಕಕ್ಕ ಸೇರಿಸೋ ‘ಪುಟ್ಟಿ’ (PuTTY) ತಂತ್ರಾಂಶದಾಗ 2024ರಾಗ ಬಯಲಾದ ದೋಷ. ಪಿ-521 ಅನ್ನೋ ವಕ್ರರೇಖೆಯ ಪ್ರತಿ ಸಹಿಗೂ 521 ಬಿಟ್ಟಿನ (ಸೊನ್ನೆ-ಒಂದರ ಅಂಕಿ) ಹೊಸಾ ಗುಟ್ಟಿನ ಸಂಖ್ಯೆ ‘ಕೇ’ ಬೇಕು. ಎಸ್‌ಎಚ್‌ಎ-512 ಅನ್ನೋ ಹ್ಯಾಶ್ (ಮಾತನ್ನ ಅರೆದು ಅಂಕಿ ಮಾಡೋ) ಲೆಕ್ಕದಿಂದ ತಗೊಂಡ್ರು, 512 ಬಿಟ್ಟು ಅಷ್ಟ ಬಂದ್ವು. ಕೇದ ಮೊದಲಿನ 9 ಬಿಟ್ಟು ಯಾವಾಗಲೂ ಸೊನ್ನೆ, ಅಂದ್ರ ಪ್ರತಿ ಸಹಿಯಿಂದ 9 ಬಿಟ್ಟಿನ ಸುಳಿವು. 521ನ್ನ 9ರಿಂದ ಭಾಗಿಸಿದ್ರ ಸುಮಾರು 58, ಹಂಗಾಗಿ 60 ಸಹಿ ಸಿಕ್ಕರ ಸಾಕು. ತಂತ್ರಾಂಶ ಹೊಸದು ಹಾಕಿದ್ರೂ ಹಳೇ ಕೀಲಿಕೈ ಕೆಟ್ಟಿದ್ದು ಕೆಟ್ಟದ್ದ, ಅದನ್ನ ಬದಲಿಸಲೇಬೇಕು.

ಗದಗ:
ಚೆನ್ನಾದ ಸಹಿಯೆಲ್ಲ ಚೌಕದಲಿ ಸಾಲಿಟ್ಟು
ಬೆನ್ನತ್ತಿ ಗಿಡ್ಡ ಸಾಲೊಂದ ಹಿಡಿದಾಗ
ಸೊನ್ನೆಗಳು ಕೀಲಿ ತೆರೆದಾವ

ಕೇ = (ಎಚ್ + ಆರ್ × ಡೀ) ÷ ಎಸ್, ಎಲ್ಲಾ ಎನ್‌ನ ಶೇಷದಾಗ. ಇಲ್ಲಿ ಎಚ್ ಅಂದ್ರ ಮಾತಿನ ಹ್ಯಾಶ್, ಆರ್ ಮತ್ತ ಎಸ್ ಸಹಿಯ ಎರಡು ಅಂಕಿ, ಡೀ ಗುಟ್ಟಿನ ಕೀಲಿಕೈ, ಎನ್ ರೇಖೆಗೆ ಗೊತ್ತಾದ 521 ಬಿಟ್ಟಿನ ಅಂಕಿ. 60 ಸಹಿಗೆ 62 ಸಾಲಿನ ಅಂಕಿಗಳ ಚೌಕ: ಕರ್ಣದ ಮ್ಯಾಲೆ 60 ಸಲ ಎನ್, ಕೆಳಗ ಆರ್/ಎಸ್‌ದೊಂದು ಸಾಲು, ಎಚ್/ಎಸ್‌ದೊಂದು ಸಾಲು. ಈ ಎರಡರ ತುದಿಗೆ ಮಿತಿ/ಎನ್ ಮತ್ತ ಮಿತಿ ಇಡ್ರಿ (ಇಲ್ಲಿ ಮಿತಿ ಅಂದ್ರ 2ರ 512ನೇ ಘಾತ). ಈ ತೂಕ ತಪ್ಪಿದ್ರ ಬೇಕಾದ ಸಾಲು ಗಿಡ್ಡ ಉಳಿಯೂದಿಲ್ಲ. ಮೊದಲ ಎಲ್‌ಎಲ್‌ಎಲ್ (ಗಿಡ್ಡ ಸಾಲು ಹುಡುಕೋ ಲೆಕ್ಕ), ಸಿಗದಿದ್ರ ಅದಕ್ಕಿಂತ ಜೋರಿನ ಬಿಕೆಜೆಡ್. ಬಂದ ಡೀಯಿಂದ ರೇಖೆಯ ಮೂಲ ಬಿಂದು ಜೀ ಗುಣಿಸಿ ಬಹಿರಂಗ ಕೀಲಿಕೈ ಜೋಡಿ ತಾಳೆ ನೋಡ್ರಿ.

ಪ್ರತಿ ಕೇಯಿಂದ ಅರ್ಧ ಮಿತಿ ಕಳದ್ರ ಇನ್ನೊಂದು ಬಿಟ್ಟಿನ ಸುಳಿವು ಪುಕ್ಕಟೆ. ಆದ್ರ ಬಿಟ್‌ಕಾಯಿನ್‌ದಂಗ ಎಸ್ ಬದಲಿ ಎನ್−ಎಸ್ ಬರಿಯೋ ಕಡೆ ಕೇದ ಚಿಹ್ನೆ ತಿರುಗಿರಬಹುದು, ಅಲ್ಲಿ ಕಳೀಬ್ಯಾಡ್ರಿ. ಒಂದ ಸಹಿಯ ಎಚ್ ತಪ್ಪಿದ್ರೂ ಇಡೀ ಚೌಕ ಹಾಳು.

ಧಾರವಾಡ: ‘ಬೆನ್ನತ್ತಿ’ ಭಾಳ ಛಲೋ ಕೂತದ್ರಿ ಅಕ್ಕಾರ. ‘ಸಣ್ಣ’ ಅಂತ ಎತ್ತಿಕೊಂಡಿದ್ರ ಪ್ರಾಸ ಕೆಡ್ತಿತ್ತು.

ಹಾವೇರಿ:
ಚೆನ್ನಾಗಿ ಗುಟ್ಟೊಡನೆ ಮಾತನ್ನು ನಾದಿಟ್ಟು
ಎನ್ನಗಲ ಕೇಯ ಹರಡಿದರೆ ಇನ್ನೆಲ್ಲಿ
ಸೊನ್ನೆಗಳು ಕೀಲಿ ತೆರೆದಾವ?

‘ಎನ್ನಗಲ’ ಅಂದ್ರ ಎನ್‌ನ ಅಗಲ. ಆರ್‌ಎಫ್‌ಸಿ 6979 (ಅಂತರ್ಜಾಲದ ಪದ್ಧತಿ ಕಡತ, 2013) ಹೇಳೂದು ಇದನ್ನ: ಡೀ, ಎಚ್ ಎರಡೂ ಎಚ್‌ಮ್ಯಾಕ್‌ ಅನ್ನೋ ಹ್ಯಾಶ್ ಲೆಕ್ಕದಾಗ ನಾದಿ, ಎನ್‌ನಷ್ಟ ಉದ್ದಾಗೂತನಕ ಬಿಟ್ಟುಗಳನ್ನ ತಗೀರಿ. ಎನ್‌ಗಿಂತ ಕಡಿಮಿ ಬರಲಿಲ್ಲಂದ್ರ ಚೆಲ್ಲಿ ಮತ್ತ ತಗೀರಿ. ಪುಟ್ಟೀನೂ ಗುಟ್ಟು, ಮಾತು ಎರಡೂ ನಾದಿತ್ತು. ಅಗಲ ಒಂದ ಸಾಲಲಿಲ್ಲ.